ದುರಸ್ತಿಯಾದ ಎಂಜಿನ್ನಿನ ಅಗ್ಗದ ಕಾರು: ಕೊಳ್ಳುವ ಮುನ್ನ ಲೆಕ್ಕ ಹಾಕಿ

ವ್ಯಾಪಾರದ ಓಡಾಟಕ್ಕೆ ಕಾರೊಂದು ಬೇಕೆನಿಸಿದಾಗ ಸಣ್ಣ ವರ್ತಕರ ಹಾಗೂ ಕಿರು ಕೈಗಾರಿಕೋದ್ಯಮಿಗಳ ಗಮನ ಮೊದಲು ಹರಿಯುವುದು ಹಳೆಯ ಕಾರುಗಳ ಮಾರುಕಟ್ಟೆಯತ್ತ. ಇದು ಸಹಜ. ದುಡಿಯುವ ಬಂಡವಾಳವನ್ನು ಹೊಸ ಕಾರಿನಲ್ಲಿ ತೊಡಗಿಸಿ, ಕಚ್ಚಾ ಸಾಮಗ್ರಿಗಾಗಿ ಸಾಲ ತರುವುದು ಯಾವ ಲೆಕ್ಕದಿಂದಲೂ ಜಾಣತನವೆನಿಸದು. ಆದರೆ ಇಂತಹ ಹುಡುಕಾಟದಲ್ಲಿ ಒಂದು ಬಗೆಯ ಕಾರು ಪದೇ ಪದೇ ಎದುರಾಗುತ್ತದೆ. ಅದೇ ವರ್ಷದ, ಅದೇ ಮಾದರಿಯ ಇತರ ಕಾರುಗಳಿಗಿಂತ ಅದರ ಬೆಲೆ ಗಣನೀಯವಾಗಿ ಕಡಿಮೆ. ಕಾರಣ ವಿಚಾರಿಸಿದರೆ ದಲ್ಲಾಳಿಯ ಉತ್ತರ ಸಿದ್ಧವಾಗಿರುತ್ತದೆ: "ಎಂಜಿನ್ ಕೆಲಸ ಆಗಿದೆ ಸಾರ್, ಇನ್ನು ಹತ್ತು ವರ್ಷ ಯೋಚನೆಯೇ ಬೇಡ."

ಬೆಲೆ ಇಳಿದಿರುವುದಕ್ಕೂ ಇದೇ ಮಾತು ಕಾರಣ, ಕೊಳ್ಳುವಂತೆ ಮನವೊಲಿಸುವುದಕ್ಕೂ ಇದೇ ಮಾತು ಆಧಾರ. ಎಂಜಿನ್ ನಿಜಕ್ಕೂ ಹೊಸದರಂತಾಗಿದ್ದರೆ ಕಾರು ಅಗ್ಗವಾಗಬೇಕಾದ ಅಗತ್ಯವೇನು ಎಂಬ ಪ್ರಶ್ನೆ ಯಾರಿಗಾದರೂ ಏಳಬೇಕು. ಮಾರುಕಟ್ಟೆ ಈ ಕಾರಿಗೆ ಕಡಿಮೆ ಬೆಲೆ ಕಟ್ಟುವುದು ಎಂಜಿನ್ ಬಿಚ್ಚಿದ್ದಾರೆ ಎಂಬ ಕಾರಣಕ್ಕಲ್ಲ. ಬಿಚ್ಚಿ ಏನು ಮಾಡಿದ್ದಾರೆ ಎಂಬುದು ಯಾರಿಗೂ ತಿಳಿಯದು ಎಂಬ ಕಾರಣಕ್ಕೆ. ಆದುದರಿಂದ ಈ ಲೇಖಕನ ಅಭಿಪ್ರಾಯ ಇಷ್ಟು: ಎಂಜಿನ್ ದುರಸ್ತಿಯಾಗಿದೆ ಎಂಬುದು ತನ್ನಷ್ಟಕ್ಕೆ ದೋಷವೂ ಅಲ್ಲ, ಗುಣವೂ ಅಲ್ಲ. ದಾಖಲೆ ಮತ್ತು ಅಳತೆ ಎರಡೂ ಕೈಗೆ ಸಿಕ್ಕಿದರೆ ಅಂತಹ ಕಾರನ್ನು ಧೈರ್ಯವಾಗಿ ಕೊಳ್ಳಬಹುದು. ಅವು ಸಿಗದಿದ್ದರೆ ಎಂಜಿನ್ ಇನ್ನೂ ದುರಸ್ತಿಯಾಗಬೇಕಾಗಿದೆ ಎಂದೇ ಭಾವಿಸಿ ಬೆಲೆ ಕಟ್ಟಬೇಕು.

"ಎಂಜಿನ್ ಕೆಲಸ" ಎಂದರೆ ಯಾವ ಕೆಲಸ?

ಮಾರುಕಟ್ಟೆಯಲ್ಲಿ ಕನಿಷ್ಠ ನಾಲ್ಕು ಬಗೆಯ ಕೆಲಸಗಳಿಗೆ ಈ ಒಂದೇ ಹೆಸರು ಚಾಲ್ತಿಯಲ್ಲಿದೆ. ಮೊದಲನೆಯದು, ಹೆಡ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿ ವಾಲ್ವ್ ಉಜ್ಜಿಸುವುದು. ಎರಡನೆಯದು, ಸಿಲಿಂಡರನ್ನು ಮುಟ್ಟದೆ ಪಿಸ್ಟನ್ ರಿಂಗ್ ಮತ್ತು ಬೇರಿಂಗ್‌ಗಳನ್ನಷ್ಟೇ ಬದಲಿಸುವುದು. ಮೂರನೆಯದು ಪೂರ್ಣ ದುರಸ್ತಿ: ಬ್ಲಾಕನ್ನು ಬೋರ್ ಮಾಡಿಸಿ ಅಥವಾ ಹೊಸ ಸ್ಲೀವ್ ಕೂರಿಸಿ, ಅದಕ್ಕೆ ತಕ್ಕ ಪಿಸ್ಟನ್ ಹಾಕಿ, ಕ್ರ್ಯಾಂಕ್‌ಶಾಫ್ಟನ್ನು ಗ್ರೈಂಡ್ ಮಾಡಿಸಿ, ಆಯಿಲ್ ಪಂಪ್, ಟೈಮಿಂಗ್ ಚೈನ್ ಅಥವಾ ಬೆಲ್ಟ್ ಮುಂತಾದವನ್ನು ಬದಲಿಸುವುದು. ನಾಲ್ಕನೆಯದು, ಗುಜರಿ ಸೇರಿದ ಇನ್ನೊಂದು ಕಾರಿನ ಎಂಜಿನ್ನನ್ನು ತಂದು ಕೂರಿಸುವುದು. ಇವುಗಳ ವೆಚ್ಚದಲ್ಲಿ ಹಲವು ಪಟ್ಟು ವ್ಯತ್ಯಾಸವಿದೆ, ಬಾಳಿಕೆಯಲ್ಲಿ ಅದಕ್ಕಿಂತಲೂ ಹೆಚ್ಚಿನ ವ್ಯತ್ಯಾಸವಿದೆ.

ಲೇತ್, ಬೋರಿಂಗ್, ಹೋನಿಂಗ್ ಕೆಲಸಗಳನ್ನು ದಿನವೂ ಕಾಣುವ ನಮ್ಮ ಉದ್ಯಮಿ ಮಿತ್ರರಿಗೆ ಇಲ್ಲಿಯ ಸೂಕ್ಷ್ಮವನ್ನು ವಿವರಿಸಬೇಕಾಗಿಲ್ಲ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಣ ಅಂತರ ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಇರುತ್ತದೆ. ಬಿಡಿಭಾಗಗಳ ಅಂಗಡಿಗಳಲ್ಲಿ ಪಿಸ್ಟನ್‌ಗಳು ಸಾಮಾನ್ಯವಾಗಿ 0.25 ಮತ್ತು 0.50 ಮಿ.ಮೀ. ಹೆಚ್ಚುವರಿ ಅಳತೆಯಲ್ಲಿ ದೊರೆಯುತ್ತವೆ. ಸವೆದು ಅಂಡಾಕಾರವಾದ ಸಿಲಿಂಡರಿನಲ್ಲಿ ಹೊಸ ರಿಂಗ್ ಕೂರಿಸಿದರೆ ಹೊಗೆ ಕೆಲವು ತಿಂಗಳು ನಿಲ್ಲಬಹುದು, ಆ ಮೇಲೆ ಮರಳುತ್ತದೆ. ಮಾರುವವನಿಗೆ ಬೇಕಾಗಿರುವುದೂ ಆ ಕೆಲವು ತಿಂಗಳೇ. ಅಂತೆಯೇ, ಈಗಾಗಲೇ 0.50 ಮಿ.ಮೀ. ಬೋರ್ ಆಗಿರುವ ಬ್ಲಾಕಿಗೆ ಮುಂದಿನ ಬಾರಿ ಸ್ಲೀವ್ ಬಿಟ್ಟು ಬೇರೆ ದಾರಿ ಇಲ್ಲದಿರಬಹುದು. ಆದಕಾರಣ "ಬೋರ್ ಆಗಿದೆಯೇ?" ಎಂದು ಕೇಳುವುದಕ್ಕಿಂತ "ಎಷ್ಟು ಬೋರ್ ಆಗಿದೆ?" ಎಂದು ಕೇಳುವುದು ಉಚಿತ.

ಇನ್ನೂ ಮುಖ್ಯವಾದ ಪ್ರಶ್ನೆ, ಎಂಜಿನ್ ಮೊದಲು ಏಕೆ ಕೆಟ್ಟಿತು ಎಂಬುದು. ಬಹಳ ಕಿಲೋಮೀಟರ್ ಓಡಿ ಸಹಜವಾಗಿ ಸವೆದಿದ್ದರೆ ಒಂದು ಮಾತು. ರೇಡಿಯೇಟರ್ ಕಟ್ಟಿಕೊಂಡೋ, ವಾಟರ್ ಪಂಪ್ ಕೆಟ್ಟೋ ಎಂಜಿನ್ ಕಾದು ಹೋಗಿದ್ದರೆ ಮಾತೇ ಬೇರೆ. ಕಾಯಲು ಕಾರಣವಾದ ಭಾಗವನ್ನು ಸರಿಪಡಿಸದೆ ಎಂಜಿನ್ ಮಾತ್ರ ಕಟ್ಟಿದ್ದರೆ ಹೊಸ ಪಿಸ್ಟನ್ನಿಗೂ ಹಳೆಯ ಗತಿಯೇ ಕಾದಿದೆ. ಡೀಸೆಲ್ ಕಾರುಗಳಲ್ಲಿ ಇಂಜೆಕ್ಟರ್ ಮತ್ತು ಟರ್ಬೋ ಕೂಡ ಈ ಲೆಕ್ಕಕ್ಕೆ ಸೇರುತ್ತವೆ. ಫಿಯೆಟ್ ಮೂಲದ 1248 ಸಿ.ಸಿ. ಡೀಸೆಲ್ ಎಂಜಿನ್ನಿನ ಸ್ವಿಫ್ಟ್, ಡಿಸೈರ್ ಕಾರುಗಳು ವರ್ತಕರಿಗೆ ಅಚ್ಚುಮೆಚ್ಚಾಗಿದ್ದವು. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಜಾರಿಯಾದಾಗ ಮಾರುತಿ ಸುಜುಕಿ ಸಂಸ್ಥೆ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಹೀಗಾಗಿ ಇಂದು ಮಾರಾಟಕ್ಕೆ ಬರುವ ಅಂತಹ ಕಾರುಗಳೆಲ್ಲ ಸಾಕಷ್ಟು ಓಡಿದವು. ಎಂಜಿನ್ ಬಿಚ್ಚಿರುವ ಸಂಭವ ಅಧಿಕ. ಅವುಗಳಲ್ಲಿ ಎಂಜಿನ್ನಿನ ಬಿಲ್ಲನ್ನು ಕೇಳಿದಷ್ಟೇ ಖಚಿತವಾಗಿ ಇಂಜೆಕ್ಟರ್ ಮತ್ತು ಟರ್ಬೋ ವಿಚಾರವನ್ನೂ ಕೇಳತಕ್ಕದ್ದು.

ಅಗ್ಗ ಎಷ್ಟು ಅಗ್ಗ?

ಒಂದು ಕಾಲ್ಪನಿಕ ಉದಾಹರಣೆಯಿಂದ ಲೆಕ್ಕ ಹಾಕೋಣ. ಇಲ್ಲಿಯ ಅಂಕಿಗಳು ವಿವರಣೆಗಾಗಿ ಮಾತ್ರ; ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬಹುದು. ಎಂಜಿನ್ ದುರಸ್ತಿಯಾದ ಕಾರಿನ ಬೆಲೆ 1,80,000 ರೂ. ಅದೇ ಮಾದರಿಯ, ಎಂಜಿನ್ ಬಿಚ್ಚದ ಕಾರಿನ ಬೆಲೆ 2,40,000 ರೂ. ವರ್ಗಾವಣೆ, ವಿಮೆ, ಟೈರು, ಬ್ಯಾಟರಿಗಾಗಿ ಎರಡಕ್ಕೂ ತಲಾ 30,000 ರೂ. ತಗಲುತ್ತದೆ. 4 ವರ್ಷ ಬಳಸಿ ಮಾರಿದಾಗ ಮೊದಲನೆಯದಕ್ಕೆ 60,000 ರೂ., ಎರಡನೆಯದಕ್ಕೆ 85,000 ರೂ. ಬರುತ್ತದೆ ಎಂದಿಟ್ಟುಕೊಳ್ಳಿ. ಆಗ ದುರಸ್ತಿಯಾದ ಕಾರಿನ ನಿವ್ವಳ ವೆಚ್ಚ 1,50,000 ರೂ., ಅಂದರೆ ವರ್ಷಕ್ಕೆ 37,500 ರೂ. ಇನ್ನೊಂದರ ನಿವ್ವಳ ವೆಚ್ಚ 1,85,000 ರೂ., ಅಂದರೆ ವರ್ಷಕ್ಕೆ 46,250 ರೂ. ನೋಟಕ್ಕೆ 60,000 ರೂ. ಎನಿಸಿದ ಉಳಿತಾಯ ವಾಸ್ತವದಲ್ಲಿ 35,000 ರೂ. ಮಾತ್ರ.

ಈಗ ದುರಸ್ತಿ ಸರಿಯಾಗಿರದೆ ಎಂಜಿನ್ ಮತ್ತೆ ಕೈಕೊಟ್ಟಿತೆನ್ನಿ. ಪೂರ್ಣ ದುರಸ್ತಿಗೆ 70,000 ರೂ., ಕಾರು ಗ್ಯಾರೇಜಿನಲ್ಲಿ ನಿಂತ 15 ದಿನ ಬಾಡಿಗೆ ವಾಹನಕ್ಕೆ ದಿನಕ್ಕೆ 1,500 ರೂ.ನಂತೆ 22,500 ರೂ., ಒಟ್ಟು 92,500 ರೂ. ಹೆಚ್ಚುವರಿ ಹೊರೆ. ವಾರ್ಷಿಕ ವೆಚ್ಚ 60,625 ರೂ.ಗೆ ಏರುತ್ತದೆ. ಇಂತಹ ಮೂರು ಕಾರುಗಳನ್ನು ಕೊಂಡವರಿಗೆ ಎರಡು ಸರಿಯಾಗಿ ಓಡಿ ಒಂದು ಕೈಕೊಟ್ಟರೂ 1,05,000 ರೂ. ಉಳಿತಾಯದಲ್ಲಿ 92,500 ರೂ. ಕರಗಿ 12,500 ರೂ. ಉಳಿದೀತು. ಹತ್ತಾರು ಕಾರುಗಳನ್ನು ಕೊಂಡು ಮಾರುವ ವ್ಯಾಪಾರಿ ಈ ಸರಾಸರಿಯ ಮೇಲೆ ಬದುಕಬಲ್ಲ. ಆದರೆ ನಮ್ಮ ಓದುಗರು ಕೊಳ್ಳುವುದು ಒಂದೇ ಕಾರು. ಅವರಿಗೆ ಸರಾಸರಿ ಎಂಬುದಿಲ್ಲ: ಒಂದೋ 35,000 ರೂ. ಲಾಭ, ಇಲ್ಲವೇ ಆ ಲಾಭವೂ ಕೊಚ್ಚಿಹೋಗಿ ಮೇಲೆ 57,500 ರೂ. ನಷ್ಟ. ಎಂಜಿನ್ ಬಿಚ್ಚದ ಕಾರೂ ಕೆಡಬಹುದು ಎಂಬ ವಾದ ನಿಜವೇ. ಆದರೂ ಒಮ್ಮೆಯೂ ಬಿಚ್ಚದ ಎಂಜಿನ್ ಕಾರ್ಖಾನೆಯ ಅಳತೆಯಲ್ಲಿ ಕಟ್ಟಿದ್ದು ಎಂಬ ಭರವಸೆಯಾದರೂ ಇರುತ್ತದೆ. ಬಿಚ್ಚಿ ಕಟ್ಟಿದ್ದಕ್ಕೆ ಆ ಭರವಸೆಯನ್ನು ಕಾಗದದ ಮೂಲಕವೇ ತರಬೇಕು.

ವಿಮೆ ಇದೆಯಲ್ಲ ಎಂದು ಸಮಾಧಾನ ಪಡುವಂತಿಲ್ಲ. ಸಾಮಾನ್ಯ ಮೋಟಾರು ವಿಮೆಯಲ್ಲಿ ಸವಕಳಿ ಹಾಗೂ ಯಾಂತ್ರಿಕ ವೈಫಲ್ಯ ಸೇರುವುದಿಲ್ಲ. ಅಪಘಾತವಿಲ್ಲದೆ ತಾನಾಗಿ ಕೆಟ್ಟ ಎಂಜಿನ್ನಿನ ಖರ್ಚು ಮಾಲೀಕನ ತಲೆಯ ಮೇಲೆಯೇ.

ಕಿವಿಯಿಂದಲ್ಲ, ಅಳತೆಯಿಂದ ಪರೀಕ್ಷಿಸಿ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಹಿಡಿದು ನೋಡುತ್ತಾನೆ, ನಡೆಸಿ ನೋಡುತ್ತಾನೆ, ನೊಗ ಹೂಡಿ ನೋಡುತ್ತಾನೆ. ಲಕ್ಷಾಂತರ ರೂಪಾಯಿಯ ಕಾರನ್ನು ಎರಡು ಸುತ್ತು ಓಡಿಸಿ ಕೊಳ್ಳುವವರ ಸಂಖ್ಯೆ ಮಾತ್ರ ಕಡಿಮೆಯೇನಿಲ್ಲ. ಈ ಕೆಳಗಿನ ಪರೀಕ್ಷೆಗಳಿಗೆ ಅರ್ಧ ದಿನ ಸಾಕು. ತಗಲುವ ವೆಚ್ಚವೂ ಅಲ್ಪ.

ಮೊದಲನೆಯದಾಗಿ, ಎಂಜಿನ್ ಪೂರ್ಣ ತಣ್ಣಗಿರುವಾಗ ನೀವೇ ಚಾಲೂ ಮಾಡಿ. ನೀವು ಹೋಗುವ ಮುನ್ನವೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ ಬರುವೆವೆಂದು ಹೇಳಿ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಸಿಲಿಂಡರಿಗೆ ನೀರು ಸೇರುತ್ತಿರುವುದರ ಸೂಚನೆ. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆರೆದರೆ ರಭಸದಿಂದ ಹೊಗೆ ಹೊರಬರಬಾರದು.

ಎರಡನೆಯದಾಗಿ, ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿಯಾದ ಮೇಲೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಲಾಗುತ್ತದೆ. ಅಂಕಿ ತಯಾರಕರು ಸೂಚಿಸಿದ ಮಟ್ಟದಲ್ಲಿರಬೇಕು. ಸಿಲಿಂಡರುಗಳ ನಡುವೆ ವ್ಯತ್ಯಾಸ ಶೇ. 10ನ್ನು ಮೀರಬಾರದು ಎಂಬುದು ಸಾಮಾನ್ಯ ನಿಯಮ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗ್ ಅಥವಾ ಸಿಲಿಂಡರಿನಲ್ಲಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿದೆ. ಡೀಸೆಲ್ ಎಂಜಿನ್ನಿಗೆ ಬೇರೆಯೇ ಗೇಜ್ ಬೇಕು.

ಮೂರನೆಯದಾಗಿ, ಆಯಿಲ್ ಒತ್ತಡವನ್ನು ಗೇಜಿನಿಂದ ಅಳೆಸಿ. ಸವೆದ ಬೇರಿಂಗಿನ ಶಬ್ದವನ್ನು ಅಡಗಿಸಲು ದಪ್ಪ ಆಯಿಲ್ ತುಂಬುವ ಪದ್ಧತಿ ಹೊಸದೇನಲ್ಲ. ಕಿವಿ ಮೋಸ ಹೋಗಬಹುದು. ನಾಲ್ಕನೆಯದಾಗಿ, ರೇಡಿಯೇಟರ್ ನೀರಿನಲ್ಲಿ ಆಯಿಲ್ ಅಂಶ, ಆಯಿಲ್‌ನಲ್ಲಿ ಕೆನೆಯಂತಹ ಪದರ ಇದೆಯೇ ಎಂದು ನೋಡಿ. ಕೊನೆಯದಾಗಿ ಏರು ರಸ್ತೆಯಲ್ಲಿ, ನಾಲ್ಕು ಜನರನ್ನು ಕೂರಿಸಿಕೊಂಡು, ಏ.ಸಿ. ಹಾಕಿ ಕನಿಷ್ಠ 30 ಕಿ.ಮೀ. ಓಡಿಸಿ, ತಾಪಮಾನದ ಮುಳ್ಳಿನ ಮೇಲೆ ಕಣ್ಣಿಡಿ. ಪರೀಕ್ಷೆ ಮಾಡುವ ಮೆಕ್ಯಾನಿಕ್ ನಿಮ್ಮವನಾಗಿರಲಿ. ಮಾರುವವರ ಮೆಕ್ಯಾನಿಕ್ ಎಷ್ಟೇ ಸಜ್ಜನನಾದರೂ ಆತನ ಗಿರಾಕಿ ನೀವಲ್ಲ. ಪರೀಕ್ಷೆಗೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹಿಂತಿರುಗುವುದೇ ಲೇಸು.

ಕಾಗದಪತ್ರಗಳ ವಿಚಾರ

ನೋಂದಣಿ ಪತ್ರದಲ್ಲಿ ಚಾಸಿಸ್ ಸಂಖ್ಯೆಯೊಂದಿಗೆ ಎಂಜಿನ್ ಸಂಖ್ಯೆಯೂ ಇರುತ್ತದೆ. ಮೂಲ ಬ್ಲಾಕನ್ನೇ ದುರಸ್ತಿ ಮಾಡಿದ್ದರೆ ಸಂಖ್ಯೆ ಬದಲಾಗುವುದಿಲ್ಲ. ಬೇರೆ ಎಂಜಿನ್ ಕೂರಿಸಿದ್ದರೆ ಅದರ ಸಂಖ್ಯೆಯನ್ನು ಆರ್.ಟಿ.ಒ. ಕಚೇರಿಯಲ್ಲಿ ನಮೂದಿಸಿ ನೋಂದಣಿ ಪತ್ರವನ್ನು ತಿದ್ದಿಸಿರಬೇಕು. ಟಾರ್ಚ್ ಹಿಡಿದು ಬ್ಲಾಕಿನ ಮೇಲಿನ ಸಂಖ್ಯೆಯನ್ನು ಓದಿ, ಪತ್ರದೊಡನೆ ಹೋಲಿಸಿ. ಹೊಂದದಿದ್ದರೆ, ಅಥವಾ ಉಜ್ಜಿ ಅಳಿಸಿದಂತಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಬೇಕು. ಆ ಎಂಜಿನ್ ಕಳವು ಮಾಲಾಗಿದ್ದರೆ ಪೊಲೀಸ್ ಠಾಣೆಗೆ ಅಲೆಯಬೇಕಾದವರು ನೀವು. ವಿಮೆಯ ಕ್ಲೇಮ್ ಬಂದಾಗ ತಕರಾರು ಎದುರಿಸಬೇಕಾದವರೂ ನೀವೇ.

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಅನಂತರ ತಪಾಸಣೆಗೆ ಒಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣ ಶುಲ್ಕ ಕಾರುಗಳಿಗೆ 600 ರೂ.ನಿಂದ 5,000 ರೂ.ಗೆ ಏರಿತು. ಕರ್ನಾಟಕದಲ್ಲಿ ಇದರ ಜೊತೆಗೆ ಹಸಿರು ತೆರಿಗೆಯೂ ಇದೆ. ಎಂಜಿನ್ನಿನ ವಯಸ್ಸನ್ನು ಲೇತ್ ಇಳಿಸಬಹುದು, ನೋಂದಣಿ ಪತ್ರದ ವಯಸ್ಸನ್ನು ಯಾರೂ ಇಳಿಸಲಾರರು. 13 ವರ್ಷದ ಕಾರಿಗೆ ಹೊಸ ಎಂಜಿನ್ ಇದೆಯೆಂದು ಹೆಚ್ಚು ಬೆಲೆ ಕೊಡುವ ಮುನ್ನ ಇದನ್ನು ನೆನೆಯಬೇಕು.

ಹೊರರಾಜ್ಯದ ಕಾರುಗಳ ಬಗ್ಗೆ ಇನ್ನೂ ಎಚ್ಚರ ಅಗತ್ಯ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಬಳಿಕ, ಅಲ್ಲಿಯ ಹಳೆಯ ಕಾರುಗಳು ಅಗ್ಗದ ಬೆಲೆಗೆ ಇತರ ರಾಜ್ಯಗಳಿಗೆ ಹರಿದುಬಂದವು. ಅಂತಹ ಕಾರಿಗೆ ಮೂಲ ಆರ್.ಟಿ.ಒ.ದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿಯಾಗಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ಇವನ್ನೆಲ್ಲ ಕೂಡಿಸಿದರೆ ಅಗ್ಗದ ಬಹುಪಾಲು ಅಲ್ಲಿಯೇ ಕರಗುತ್ತದೆ.

ವರ್ಗಾವಣೆಯನ್ನು ನಮೂನೆ 29 ಮತ್ತು 30ರ ಮೂಲಕ ಕೂಡಲೇ ಮಾಡಿಸಿ. ಸಾಲದ ನಮೂದಿದ್ದರೆ ಅದನ್ನು ತೆಗೆಸಲು ನಮೂನೆ 35 ಬೇಕು. ನೋಂದಾಯಿತ ಮಾಲೀಕನೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ತಮ್ಮ ಹಳೆಯ ಕಾರನ್ನು ಸಹಿ ಮಾಡಿದ ಖಾಲಿ ನಮೂನೆಗಳೊಂದಿಗೆ ದಲ್ಲಾಳಿಯ ಕೈಗೆ ಕೊಟ್ಟು ಮರೆಯುವ ವರ್ತಕರೂ ಎಚ್ಚರಗೊಳ್ಳಬೇಕು. ಹಳೆಯ ವಾಹನಗಳ ಮಾರಾಟಗಾರರು ಆರ್.ಟಿ.ಒ.ದಿಂದ ಅಧಿಕಾರಪತ್ರ ಪಡೆಯುವ ವ್ಯವಸ್ಥೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂತಹ ಅಧಿಕೃತ ಡೀಲರ್ ಮೂಲಕ ನಡೆದ ವ್ಯವಹಾರದಲ್ಲಿ ಹೊಣೆ ಯಾರದೆಂಬುದಕ್ಕೆ ದಾಖಲೆ ಉಳಿಯುತ್ತದೆ.

ತೆರಿಗೆ ಮತ್ತು ಕಾನೂನಿನ ಲೆಕ್ಕ

ಸಂಸ್ಥೆಯ ಹೆಸರಿನಲ್ಲಿ ಕಾರು ಕೊಳ್ಳುವವರು ಕೆಲವು ಅಂಶಗಳನ್ನು ಗಮನಿಸಬೇಕು. ಚಾಲಕನೂ ಸೇರಿದಂತೆ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳಿಗೆ, ಕೆಲವು ನಿರ್ದಿಷ್ಟ ವ್ಯವಹಾರಗಳನ್ನು ಬಿಟ್ಟರೆ, ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆ ದೊರೆಯದು. ಅವುಗಳ ದುರಸ್ತಿ ಮತ್ತು ವಿಮೆಗೂ ದೊರೆಯದು. ಆದ್ದರಿಂದ ಎಂಜಿನ್ ಮತ್ತೆ ಬಿಚ್ಚಿದರೆ ಬಿಲ್ಲಿನ ಮೇಲಿನ ತೆರಿಗೆಯೂ ವೆಚ್ಚವೇ. 2025ರ ಜನವರಿಯಿಂದ ನೋಂದಾಯಿತ ವ್ಯಾಪಾರಿಗಳು ಮಾರುವ ಹಳೆಯ ಕಾರುಗಳ ಮೇಲೆ, ಲಾಭಾಂಶಕ್ಕಷ್ಟೇ ಅನ್ವಯಿಸುವಂತೆ, ಶೇ. 18ರ ದರ ನಿಗದಿಯಾಯಿತು. ನೀವೇ ಸವಕಳಿ ಪಡೆದ ಕಾರನ್ನು ಮಾರುವಾಗ ಮಾರಾಟದ ಬೆಲೆಯಿಂದ ಸವಕಳಿ ಕಳೆದ ಮೌಲ್ಯವನ್ನು ಕಳೆದು ಉಳಿದದ್ದೇ ಲಾಭಾಂಶ.

ನಗದು ವ್ಯವಹಾರದ ಮೋಹವನ್ನು ಬಿಡುವುದು ಒಳಿತು. ವ್ಯವಹಾರದ ಆಸ್ತಿಗೆ ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟ ಮೊತ್ತವು ಆದಾಯ ತೆರಿಗೆಯ ಲೆಕ್ಕದಲ್ಲಿ ಆಸ್ತಿಯ ವೆಚ್ಚಕ್ಕೆ ಸೇರದು, ಅದರ ಮೇಲೆ ಶೇ. 15ರ ಸವಕಳಿಯೂ ಸಿಗದು. ಬ್ಯಾಂಕಿನ ಮೂಲಕ ಪಾವತಿಸಿದರೆ ಸವಕಳಿಯ ಜೊತೆಗೆ ಮುಂದೆ ವಿವಾದ ಬಂದಾಗ ಸಾಕ್ಷ್ಯವೂ ದೊರೆಯುತ್ತದೆ.

ವಿವಾದದ ಮಾತು ಬಂದುದರಿಂದ ಇನ್ನೊಂದು ವಿಚಾರ. 1930ರ ಸರಕು ಮಾರಾಟ ಕಾಯ್ದೆಯ ಮೂಲತತ್ವ, ಕೊಳ್ಳುವವನೇ ನೋಡಿ ಕೊಳ್ಳಬೇಕು ಎಂಬುದು. ಇದಕ್ಕೆ ವಿನಾಯಿತಿಗಳಿವೆಯಾದರೂ, ಪರೀಕ್ಷಿಸಿ ಕೊಂಡವನು ಪರೀಕ್ಷೆಯಲ್ಲಿ ಕಾಣಬಹುದಾಗಿದ್ದ ದೋಷದ ಬಗ್ಗೆ ಆಮೇಲೆ ದೂರುವಂತಿಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರೆನಿಸುವುದಿಲ್ಲ; ಸ್ವಯಂ ಉದ್ಯೋಗದ ಜೀವನೋಪಾಯಕ್ಕೆ ಕೊಂಡವರಿಗೆ ಮಾತ್ರ ವಿನಾಯಿತಿ. ಆದುದರಿಂದ ಗ್ರಾಹಕ ಆಯೋಗದ ಬಾಗಿಲು ನಮ್ಮ ಓದುಗರಿಗೆ ಸದಾ ತೆರೆದಿರುತ್ತದೆ ಎಂದು ನಂಬುವಂತಿಲ್ಲ. "ಬ್ಲಾಕ್ 0.25 ಮಿ.ಮೀ. ಬೋರ್ ಆಗಿದೆ, ಕ್ರ್ಯಾಂಕ್ ಗ್ರೈಂಡ್ ಆಗಿದೆ, ಇಂತಹ ದಿನ, ಇಷ್ಟು ಕಿಲೋಮೀಟರಿಗೆ" ಎಂದು ಮಾರುವವನಿಂದ ಬರೆಸಿ ಸಹಿ ಪಡೆಯುವುದು ನಮ್ಮ ಕೈಯಲ್ಲಿರುವ ರಕ್ಷಣೆ.

2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದು, ಅದರ ಮೇಲಿನ ಪರಿಹಾರ ಸೆಸ್ ಕೂಡ ತೊಲಗಿದೆ ಎಂಬುದನ್ನೂ ಮರೆಯಬಾರದು. ಹೊಸ ಕಾರಿನ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಲೇಬೇಕು. ಹಿಂದಿನ ದರಗಳನ್ನು ಮುಂದಿಟ್ಟು ಅಗ್ಗವೆಂದು ತೋರಿಸುವವರ ಮಾತಿಗೆ ಮರುಳಾಗಬೇಕಿಲ್ಲ.

ತೀರ್ಮಾನ

ಹಾಗಾದರೆ ಯಾವಾಗ ಕೊಳ್ಳಬೇಕು? ಎಂಜಿನ್ ಸಂಖ್ಯೆ ಹೊಂದಿಕೆಯಾಗಿ, ಯಂತ್ರಾಗಾರದ ಹಾಗೂ ಬಿಡಿಭಾಗಗಳ ಬಿಲ್ಲುಗಳಿದ್ದು, ದುರಸ್ತಿಯ ಬಳಿಕ ಕೆಲವು ಸಾವಿರ ಕಿ.ಮೀ. ಓಡಿ, ಕಂಪ್ರೆಶನ್ ಮತ್ತು ಆಯಿಲ್ ಒತ್ತಡ ಸರಿಯಾಗಿದ್ದು, ನೋಂದಣಿ ಅವಧಿ ನಿಮ್ಮ ಬಳಕೆಯ ಅವಧಿಗೆ ಸಾಲುವಂತಿದ್ದರೆ ಕೊಳ್ಳಿ. ಅಂತಹ ಕಾರು ಎಂಜಿನ್ ಬಿಚ್ಚದ, ಆದರೆ ಬಿಚ್ಚುವ ಕಾಲ ಸಮೀಪಿಸಿದ ಕಾರಿಗಿಂತ ಉತ್ತಮ. ಮಾರಲೆಂದೇ ನಿನ್ನೆ ಮೊನ್ನೆ ಕಟ್ಟಿದ ಎಂಜಿನ್ನಿಗಿಂತ, ತನ್ನ ಬಳಕೆಗೆ ಕಟ್ಟಿಸಿ ಒಂದು ವರ್ಷ ಓಡಿಸಿದವನ ಎಂಜಿನ್ ನಂಬಿಕೆಗೆ ಅರ್ಹ. ಬಿಲ್ಲುಗಳಿಲ್ಲದಿದ್ದರೆ, ಮಾರುಕಟ್ಟೆಯ ಬೆಲೆಯಿಂದ ಪೂರ್ಣ ದುರಸ್ತಿಯ ವೆಚ್ಚವನ್ನೂ ಕಾರು ನಿಲ್ಲುವ ದಿನಗಳ ಬಾಡಿಗೆಯನ್ನೂ ಕಳೆದು ಬೆಲೆ ಹೇಳಿ. ಮೇಲಿನ ಉದಾಹರಣೆಯಲ್ಲಿ ಅದು 2,40,000 ರೂ.ನಲ್ಲಿ 92,500 ರೂ. ಕಳೆದು 1,47,500 ರೂ. ಆ ಬೆಲೆಗೆ ಒಪ್ಪದಿದ್ದರೆ ಬಿಟ್ಟುಬಿಡಿ. ಹಳೆಯ ಕಾರುಗಳಿಗೆ ಈ ನಾಡಿನಲ್ಲಿ ಬರವಿಲ್ಲ.

ನಮ್ಮ ಸದಸ್ಯರಲ್ಲಿ ಕೊಳ್ಳುವವರಂತೆ ಎಂಜಿನ್ ಕಟ್ಟಿಕೊಡುವ ಯಂತ್ರಾಗಾರಗಳ ಮಾಲೀಕರೂ ಇದ್ದಾರೆ. ಅವರಿಗೂ ಒಂದು ಮಾತು ಸಲ್ಲುತ್ತದೆ. ಎಂಜಿನ್ ಸಂಖ್ಯೆ, ಬೋರ್ ಅಳತೆ, ಕ್ರ್ಯಾಂಕ್ ಅಳತೆ, ಬದಲಿಸಿದ ಭಾಗಗಳು, ದಿನಾಂಕ, ಕಿಲೋಮೀಟರ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೊಹರು ಹಾಕಿ ಬಿಲ್ಲಿನೊಂದಿಗೆ ಕೊಡುವುದು ಕಷ್ಟವೇನಲ್ಲ. ಇಂದು ಪ್ರಾಮಾಣಿಕ ದುರಸ್ತಿಗೂ ಅರೆಬರೆ ದುರಸ್ತಿಗೂ ಮಾರುಕಟ್ಟೆಯಲ್ಲಿ ಒಂದೇ ಬೆಲೆ. ಇದರಿಂದ ನಷ್ಟವಾಗುತ್ತಿರುವುದು ಪ್ರಾಮಾಣಿಕನಿಗೆ. ಕೊಳ್ಳುವವರು ಆ ಹಾಳೆಯನ್ನು ಕೇಳುವ ರೂಢಿ ಮಾಡಿಕೊಂಡರೆ ಕೊಡುವ ರೂಢಿಯೂ ತಾನಾಗಿ ಬರುತ್ತದೆ. ವಾಣಿಜ್ಯೋದ್ಯಮ ಸಂಸ್ಥೆಗಳು ಇದಕ್ಕೊಂದು ಮಾದರಿ ನಮೂನೆಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಕೊಳ್ಳುವವರಿಗೂ ಕಟ್ಟುವವರಿಗೂ ಉಪಕಾರವಾದೀತು.